ಆರ್ಡರುಗಳ ನಡುವೆ ಕಸೂತಿ

ಪ್ರಶ್ನೆ: ನಾನು ಗದಗಿನವಳು, ವಯಸ್ಸು 36. ಅಜ್ಜಿಯಿಂದ ಕಸೂತಿ ಕಲಿತೆ. ನಾಲ್ಕು ವರ್ಷಗಳಿಂದ ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಕುಪ್ಪಸಗಳಿಗೆ ಕಸೂತಿ ಹಾಕಿ ಮಾರುತ್ತಿದ್ದೇನೆ. ಕಳೆದ ವರ್ಷ 50 ಕುಪ್ಪಸ ಮುಗಿಸಿದೆ. ಒಂದಕ್ಕೆ ₹1,800 ತೆಗೆದುಕೊಳ್ಳುತ್ತೇನೆ. ಅದರಲ್ಲಿ ಬಟ್ಟೆಗೆ ₹450, ದಾರಕ್ಕೆ ₹120, ಪ್ಯಾಕಿಂಗ್ ಮತ್ತು ಅಂಚೆಗೆ ₹130 ಹೋಗುತ್ತದೆ. ಒಂದು ಕುಪ್ಪಸಕ್ಕೆ ಸುಮಾರು 38 ಗಂಟೆ ಬೇಕು. ಬಹುತೇಕ ಎಲ್ಲರೂ ಒಂದೇ ಗೋಪುರದ ಚಿತ್ತಾರವಿರುವ ಅಂಚನ್ನು ಕೇಳುತ್ತಾರೆ. ಈಗ ಸೂಜಿ ಹಿಡಿದರೆ ಬೇಸರ ಬರುತ್ತದೆ. ನಾನು ಹಾಕಿದ ಫೋಟೋ ನೋಡಿ ಯಾರೋ ಅದೇ ಚಿತ್ತಾರವನ್ನು ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಮಾಡಿಸಿ ₹600ಕ್ಕೆ ಮಾರುತ್ತಿದ್ದಾರೆ. ಅಜ್ಜಿಯ ಚಂದ್ರಕಾಳಿ, ಅಂದರೆ ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ, ಪೆಟ್ಟಿಗೆಯಲ್ಲಿದೆ. ಅದನ್ನು ತೆಗೆದು ನೋಡಿ ಎರಡು ವರ್ಷವಾಯಿತು. ಮಾರುವುದನ್ನು ನಿಲ್ಲಿಸಲೇ? ಫೋಟೋ ಹಾಕುವುದನ್ನು ಬಿಡಲೇ?

ಉತ್ತರ: ಎರಡನ್ನೂ ಬಿಡಬೇಕಾಗಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಬೇಸರದ ಮಾತಿಗಿಂತ ಮುಂಚೆ ಬಂದಿರುವ ಅಂಕಿಗಳನ್ನು ನೀವೇ ಕೂಡಿಸಿ ನೋಡಿದಂತಿಲ್ಲವಾದ್ದರಿಂದ, ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

₹1,800ರಲ್ಲಿ ಖರ್ಚು ಕಳೆದರೆ ಉಳಿಯುವುದು ₹1,100. ಅದನ್ನು 38 ಗಂಟೆಗಳಿಗೆ ಹಂಚಿದರೆ ಗಂಟೆಗೆ 29 ರೂಪಾಯಿ. 50 ಕುಪ್ಪಸಕ್ಕೆ 1,900 ಗಂಟೆ. ಅಂದರೆ ವರ್ಷದ 365 ದಿನವೂ, ಭಾನುವಾರ, ಹಬ್ಬ, ಜ್ವರ ಯಾವುದನ್ನೂ ಬಿಡದೆ ದಿನಕ್ಕೆ ಐದು ಗಂಟೆಗೂ ಹೆಚ್ಚು ಹೊತ್ತು ನೀವು ಬೇರೆಯವರ ಗೋಪುರವನ್ನು ತುಂಬಿದ್ದೀರಿ. ಅದಕ್ಕೆ ಸಿಕ್ಕ ಒಟ್ಟು ಹಣ ₹55,000. ಮನೆಗೆಲಸದ ಮೇಲೆ ಇಷ್ಟು ಹೊತ್ತು ಕಣ್ಣು ಕೀಲಿಸಿ ಎಳೆ ಎಣಿಸಿದ ಮೇಲೆ, ಅಜ್ಜಿಯ ಸೀರೆಯನ್ನು ತೆಗೆದು ನೋಡಲು ಯಾರಿಗೆ ಮನಸ್ಸು ಬಂದೀತು? ನಿಮ್ಮ ಬೇಸರಕ್ಕೆ ಮಾರಾಟ ಕಾರಣವಲ್ಲ. ಕಡಿಮೆ ಬೆಲೆ ಕಾರಣ. ಬೆಲೆ ಕಡಿಮೆಯಾದಷ್ಟೂ ಹೆಚ್ಚು ಕುಪ್ಪಸ ಬೇಕಾಗುತ್ತದೆ, ಹೆಚ್ಚು ಕುಪ್ಪಸಗಳಿಗೆ ಹೆಚ್ಚು ಗಂಟೆ ಬೇಕಾಗುತ್ತದೆ, ಆ ಗಂಟೆಗಳೆಲ್ಲ ನಿಮ್ಮ ಸ್ವಂತ ಕಸೂತಿಯ ಪಾಲಿನಿಂದಲೇ ಹೋಗುತ್ತವೆ.

ಈಗ ಇನ್ನೊಂದು ಲೆಕ್ಕ ಹಾಕೋಣ. ಗಂಟೆಗೆ ₹80 ಎಂದು ಹಿಡಿಯಿರಿ. ಇದೇನೂ ದುರಾಸೆಯ ದರವಲ್ಲ, ನಿಮ್ಮ ಓಣಿಯಲ್ಲಿ ಲೈನಿಂಗ್ ಕುಪ್ಪಸ ಹೊಲಿಯುವ ದರ್ಜಿ ಒಂದು ಕುಪ್ಪಸಕ್ಕೆ ಎಷ್ಟು ಹೊತ್ತು ತೆಗೆದುಕೊಂಡು ಎಷ್ಟು ಹಣ ಪಡೆಯುತ್ತಾರೆ ಎಂದು ಕೇಳಿ ಹೋಲಿಸಿ ನೋಡಿ. 38 ಗಂಟೆಗೆ ₹3,040, ಸಾಮಗ್ರಿ ಮತ್ತು ಅಂಚೆಗೆ ₹700, ಕೆಟ್ಟುಹೋದ ತುಂಡು ಹಾಗೂ ಬಿಚ್ಚಿ ಮತ್ತೆ ಹಾಕಿದ ಸಾಲುಗಳಿಗೆ ಹತ್ತನೆಯ ಒಂದು ಪಾಲು. ಒಟ್ಟು ₹4,100ರ ಸುಮಾರಿಗೆ ಬರುತ್ತದೆ. ಈ ಬೆಲೆ ಕೇಳಿದ ತಕ್ಷಣ ಗಿರಾಕಿಗಳು ಓಡಿಹೋಗುತ್ತಾರೆ ಎಂದು ನೀವು ಹೇಳುವಿರಿ. ಓಡಿಹೋಗಲಿ. 50 ಮಂದಿಯಲ್ಲಿ ಕೇವಲ 17 ಮಂದಿ ಉಳಿದರೂ, ಸಾಮಗ್ರಿ ಮತ್ತು ಅಂಚೆಯ ₹700 ಕಳೆದು ಒಬ್ಬರಿಂದ ₹3,400ರಂತೆ ₹57,800 ನಿಮ್ಮ ಕೈಸೇರುತ್ತದೆ. ಅದು ಕಳೆದ ವರ್ಷದ ಗಳಿಕೆಗಿಂತ ಹೆಚ್ಚೇ. ಅದಕ್ಕೆ ಬೇಕಾಗುವ ಹೊತ್ತು 646 ಗಂಟೆ. ಮಿಕ್ಕ 1,250ಕ್ಕೂ ಹೆಚ್ಚು ಗಂಟೆಗಳು ನಿಮ್ಮವೇ. ಕಲೆಗೆ ಸಮಯ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಪ್ರಾಮಾಣಿಕ ಉತ್ತರ ಇದೊಂದೇ. ಬೆಳಿಗ್ಗೆ ನಾಲ್ಕಕ್ಕೆ ಏಳಿ ಎಂಬ ಉಪದೇಶವನ್ನು ನಾನು ಯಾವ ಹೆಣ್ಣುಮಗಳಿಗೂ ಮಾಡುವುದಿಲ್ಲ.

ಬೆಲೆಯನ್ನು ಒಮ್ಮೆಲೇ ಏರಿಸಲು ಅಂಜಿಕೆಯಾದರೆ, ಈಗಾಗಲೇ ಒಪ್ಪಿಕೊಂಡ ಆರ್ಡರುಗಳನ್ನು ಹಳೆಯ ಬೆಲೆಗೇ ಮುಗಿಸಿಕೊಟ್ಟು, ಇಂಥ ತಿಂಗಳಿನಿಂದ ಹೊಸ ದರ ಎಂದು ಮೊದಲೇ ತಿಳಿಸಿ. ಮುಂಗಡವಾಗಿ ಅರ್ಧ ಹಣ ಬಂದ ಮೇಲೆಯೇ ಬಟ್ಟೆ ಕತ್ತರಿಸಿ. ಅಷ್ಟು ಕೊಡಲಾಗದವರಿಗೆ ಅದೇ ಕುಪ್ಪಸವನ್ನು ಅಗ್ಗವಾಗಿ ಕೊಡಬೇಡಿ, ಚಿಕ್ಕ ವಸ್ತುವನ್ನು ಕೊಡಿ: ಒಂದು ಕರವಸ್ತ್ರದ ಮೂಲೆಯಲ್ಲಿ ಒಂದೇ ಒಂದು ತುಳಸಿ ಕಟ್ಟೆ, ಮೂರು ಗಂಟೆಯ ಕೆಲಸ, ಅದೇ ₹80ರ ದರ. ವಸ್ತು ಚಿಕ್ಕದಾಗಲಿ, ಗಂಟೆಯ ದರ ಚಿಕ್ಕದಾಗುವುದು ಬೇಡ. ಇದಕ್ಕಾಗಿ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ಸೂಜಿ ಹಿಡಿದ ಮತ್ತು ಇಟ್ಟ ವೇಳೆಯನ್ನು ಬರೆದಿಡಿ. ಗೆರೆಗಳನ್ನು ಮೂಡಿಸುವ ಗವಂತಿ ಹೊಲಿಗೆಯ ಒಂದು ಗೇಣು ಅಂಚಿಗೆ ಎಷ್ಟು ಹೊತ್ತು, ನೇಯ್ದಂತೆ ಕಾಣುವ ನೇಗಿ ಹೊಲಿಗೆಯ ಒಂದು ಗೇಣಿಗೆ ಎಷ್ಟು ಎಂಬುದು ಮೂರು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಆಮೇಲೆ ಯಾರು ಯಾವ ಚಿತ್ತಾರ ಕೇಳಿದರೂ ಅಂದಾಜಿನ ಮೇಲೆ ಬೆಲೆ ಹೇಳಿ ನಂತರ ಪೇಚಾಡುವ ಪ್ರಸಂಗ ಬರುವುದಿಲ್ಲ.

ಇನ್ನು ಬೇಸರದ ವಿಚಾರ. ಗೋಪುರ ಕೆಟ್ಟ ಚಿತ್ತಾರವೇನಲ್ಲ, ಆದರೆ ಒಂದೇ ಗೋಪುರವನ್ನು ಐವತ್ತು ಸಲ ಹಾಕಿದಾಗ ಕಸೂತಿಯಲ್ಲಿರುವ ಬುದ್ಧಿಯ ಕೆಲಸ ನಿಂತುಹೋಗಿ ಕೈಯ ಕೆಲಸ ಮಾತ್ರ ಉಳಿಯುತ್ತದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಗಂಟು ಹಾಕುವಂತಿಲ್ಲ, ಎಳೆಗಳನ್ನು ಎಣಿಸಿಯೇ ಮುಂದೆ ಹೋಗಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು; ಹಾಗೆ ಮರಳಿದಾಗಲೇ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ತಾರ ಮೂಡುತ್ತದೆ. ಗೋಪುರದ ಯಾವ ಮೂಲೆಯಲ್ಲಿ ಕವಲೊಡೆದು ಕಳಸಕ್ಕೆ ಹೋಗಬೇಕು, ಯಾವ ಮೆಟ್ಟಿಲಿನಲ್ಲಿ ಇಳಿದು ಬರಬೇಕು ಎಂಬ ದಾರಿಯ ಆಲೋಚನೆಯೇ ಈ ಕಲೆಯ ಜೀವ. ಗಣಿತ ಕಲಿಸುವ ಗೆಳೆಯರೊಬ್ಬರು ಒಮ್ಮೆ ನನಗೆ ವಿವರಿಸಿದ್ದರು: ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ತಾರವನ್ನಾದರೂ, ಪ್ರತಿ ಗೆರೆಯನ್ನು ಎರಡು ಸಲ ನಡೆಯುವುದಾದರೆ, ದಾರ ಕಡಿಯದೆ ಮುಗಿಸಿ ಆರಂಭಕ್ಕೆ ಮರಳಲು ಸಾಧ್ಯವಂತೆ, 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಸೇತುವೆಗಳ ಬಗ್ಗೆ ಮಾಡಿದ ಲೆಕ್ಕದ ಬಳಗಕ್ಕೆ ಸೇರಿದ ಮಾತು ಇದು. ನಮ್ಮ ಅಜ್ಜಿಯರಿಗೆ ಆಯ್ಲರನ ಹೆಸರು ತಿಳಿದಿರಲಿಲ್ಲ, ದಾರಿ ತಿಳಿದಿತ್ತು. ನೀವು ಮೊದಲ ಗೋಪುರ ಹಾಕುವಾಗ ಈ ದಾರಿಯನ್ನು ಹುಡುಕಿದ್ದಿರಿ. ಐವತ್ತನೆಯದನ್ನು ಹಾಕುವಾಗ ಹುಡುಕಲು ಏನೂ ಉಳಿದಿರಲಿಲ್ಲ.

ನನಗೂ ಹೀಗಾಗಿದೆ. ಧಾರವಾಡದಲ್ಲಿ ಕಸೂತಿ ಕಲಿಸಲು ಆರಂಭಿಸಿದ ಹೊಸತರಲ್ಲಿ ಒಂದು ಸಂಸ್ಥೆಯವರು ಅತಿಥಿಗಳಿಗೆ ಹೊದಿಸಲು 60 ಶಾಲುಗಳನ್ನು ಕೇಳಿದರು, ಎಲ್ಲಕ್ಕೂ ಒಂದೇ ಆನೆ, ಒಂದೇ ಬಣ್ಣ. ಹಣ ಎಂಟು ತಿಂಗಳ ಮೇಲೆ ಬಂತು. ಹಣಕ್ಕಿಂತ ತಡವಾಗಿ ಬಂದದ್ದು ಆನೆಯ ಮೇಲಿನ ಪ್ರೀತಿ. ಆ ಚಿತ್ತಾರವನ್ನು ಮತ್ತೆ ಮುಟ್ಟಲು ನನಗೆ ಎರಡು ವರ್ಷ ಬೇಕಾಯಿತು. ಅಂದಿನಿಂದ ಒಂದು ಚಿತ್ತಾರವನ್ನು ವರ್ಷಕ್ಕೆ ಹನ್ನೆರಡಕ್ಕಿಂತ ಹೆಚ್ಚು ಸಲ ಆರ್ಡರಿಗೆ ಹಾಕುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇನೆ. ಹದಿಮೂರನೆಯವರು ಕೇಳಿದಾಗ, “ಈ ವರ್ಷದ ಗೋಪುರ ಮುಗಿದಿದೆ, ರಥ ಇದೆ, ತೊಟ್ಟಿಲು ಇದೆ, ಜೋಡಿ ನವಿಲು ಇದೆ” ಎಂದು ಹೇಳುತ್ತೇನೆ. ಬಹಳ ಜನ ಗೋಪುರ ಕೇಳುವುದು ನಿಮ್ಮ ಪುಟದಲ್ಲಿ ಅವರಿಗೆ ಕಾಣುವುದು ಅದೊಂದೇ ಆದ್ದರಿಂದ. ಪಲ್ಲಕ್ಕಿ ತೋರಿಸಿದರೆ ಪಲ್ಲಕ್ಕಿ ಕೇಳುತ್ತಾರೆ.

ಆದರೆ ಪಲ್ಲಕ್ಕಿ ತೋರಿಸಬೇಕಾದರೆ ಅದನ್ನು ಎಲ್ಲಾದರೂ ಹಾಕಿ ನೋಡಿರಬೇಕಲ್ಲ? ಅದಕ್ಕಾಗಿಯೇ ನಮೂನೆಯ ಬಟ್ಟೆ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಒಂದು ಮೀಟರ್ ತನ್ನಿ. ಅದು ಮಾರಾಟಕ್ಕಲ್ಲ, ಉಡುಗೊರೆಗಲ್ಲ, ಮುಗಿಸಲೇಬೇಕೆಂಬ ಗಡುವೂ ಅದಕ್ಕಿಲ್ಲ. ಹಳೆಯ ಸೀರೆಗಳಲ್ಲಿ ಕಂಡ ಚಿತ್ತಾರ, ಅರ್ಧ ನೆನಪಿರುವ ಚಿತ್ತಾರ, ನಿಮಗೇ ಹೊಳೆದ ಚಿತ್ತಾರ, ತಪ್ಪಿಹೋದ ಚಿತ್ತಾರ ಎಲ್ಲವೂ ಅಲ್ಲಿ ಇರಲಿ. ಅಂಕುಡೊಂಕಾಗಿ ಸಾಗುವ ಮುರಗಿ ಹೊಲಿಗೆಯ ಮೆಟ್ಟಿಲುಗಳನ್ನು ಮೂರು ಎಳೆಯ ಬದಲು ನಾಲ್ಕು ಎಳೆಗೆ ಹಾಕಿದರೆ ಹೇಗೆ ಕಾಣುತ್ತದೆ, ಗುಣಾಕಾರದ ಗುರುತಿನಂಥ ಮೆಂತಿ ಹೊಲಿಗೆಯನ್ನು ಎಲ್ಲಿ ತುಂಬಿದರೆ ಭಾರವಾಗುತ್ತದೆ ಎಂಬುದನ್ನು ಗಿರಾಕಿಯ ರೇಷ್ಮೆಯ ಮೇಲೆ ಪರೀಕ್ಷಿಸಲಾಗದು. ನೀವು ಕಲಾವಿದೆಯಾಗಿ ಉಳಿದಿದ್ದೀರೋ ಇಲ್ಲವೋ ಎಂಬುದಕ್ಕೆ ನಾನು ನೋಡುವ ಗುರುತು ಒಂದೇ: ಕಳೆದ ಆರು ತಿಂಗಳಲ್ಲಿ ನಿಮ್ಮ ನಮೂನೆಯ ಬಟ್ಟೆ ಎಷ್ಟು ಗೇಣು ಮುಂದುವರಿದಿದೆ?

ಇದಕ್ಕೆ ಹೊತ್ತನ್ನು ದಿನದಲ್ಲಿ ಹುಡುಕುವುದಕ್ಕಿಂತ ವರ್ಷದಲ್ಲಿ ಹುಡುಕುವುದು ಒಳ್ಳೆಯದು. ನಮ್ಮ ಪಂಚಾಂಗವೇ ಅದನ್ನು ಒದಗಿಸಿಕೊಟ್ಟಿದೆ. ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲಿಯೂ ಇಲ್ಲ. ಕುಪ್ಪಸದ ಆರ್ಡರುಗಳು ತಾವಾಗಿಯೇ ತಗ್ಗುವ ದಿನಗಳವು. ಅಂಗಡಿಯವರು ಈ ದಿನಗಳನ್ನು ಆಷಾಢ ಸೇಲ್ ಮಾಡಿ ರಿಯಾಯಿತಿಯಿಂದ ತುಂಬುತ್ತಾರೆ, ನೀವೂ ಹಾಗೆಯೇ ಮಾಡಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ದಯವಿಟ್ಟು ಕೇಳಬೇಡಿ. ರಾಶಿ ಬಿದ್ದ ದಾಸ್ತಾನು ಇರುವವರಿಗೆ ರಿಯಾಯಿತಿ ಸರಿ. ನಿಮ್ಮಲ್ಲಿರುವ ದಾಸ್ತಾನು ಗಂಟೆಗಳು ಮಾತ್ರ. ಆಷಾಢವನ್ನು ನಮೂನೆಗೆ ಮೀಸಲಿಡಿ, ಶ್ರಾವಣದಲ್ಲಿ ಆ ಹೊಸ ಚಿತ್ತಾರಗಳನ್ನು ತೋರಿಸಿ ದೀಪಾವಳಿಯವರೆಗಿನ ಆರ್ಡರು ಹಿಡಿಯಿರಿ. ಸಂಕ್ರಾಂತಿಗೆ ಕಪ್ಪು ಸೀರೆ ಉಡುವ ರೂಢಿ ನಮ್ಮ ಕಡೆ ಇರುವುದರಿಂದ, ಕಪ್ಪು ಬಟ್ಟೆಯ ಆರ್ಡರುಗಳನ್ನು ಬಹಳ ಮೊದಲೇ ಮುಗಿಸಿಕೊಂಡರೆ ಧನುರ್ಮಾಸವೂ ಉಳಿಯುತ್ತದೆ. ಕಪ್ಪಿನ ಮೇಲೆ ಎಳೆ ಎಣಿಸುವಾಗ ತೊಡೆಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ಎಳೆಗಳ ನಡುವಿನ ಸಂದು ಬೆಳ್ಳಗೆ ಕಂಡು ಕಣ್ಣಿನ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಎಣಿಸಲಾಗದಷ್ಟು ನುಣುಪಾದ ರೇಷ್ಮೆಯಾದರೆ ಮೇಲೆ ಸಡಿಲ ನೇಯ್ಗೆಯ ಕ್ಯಾನ್ವಾಸ್ ಟಾಕು ಹಾಕಿ, ಕಸೂತಿ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯ ನಿಮಗೆ ಗೊತ್ತೇ ಇರಬೇಕು. ಅದನ್ನು ಮೋಸ ಎನ್ನುವವರಿದ್ದಾರೆ. ಕಣ್ಣು ಕಳೆದುಕೊಂಡವರ ಪಟ್ಟಿಗೆ ಸೇರುವುದಕ್ಕಿಂತ ಆ ಮಾತು ಕೇಳಿಸಿಕೊಳ್ಳುವುದು ಲೇಸು.

ಫೋಟೋ ಮತ್ತು ನಕಲಿನ ಬಗ್ಗೆ ಕೇಳಿದ್ದೀರಿ. ಮೊದಲು ಒಂದು ಕಹಿ ಮಾತು: ಗೋಪುರ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ನೆರೆಮನೆಯವಳ ಸೆರಗನ್ನು ನೋಡಿ ಎಳೆ ಎಣಿಸಿ ಮನೆಗೆ ಬಂದು ಹಾಕಿಕೊಳ್ಳುವುದರಿಂದಲೇ ಈ ಚಿತ್ತಾರಗಳು ಊರೂರಿಗೆ ಹರಡಿ ಇಂದು ನಮ್ಮವರೆಗೆ ಬಂದಿವೆ. ಪರಂಪರೆಯ ಚಿತ್ತಾರದ ಮೇಲೆ ಒಬ್ಬರು ಹಕ್ಕು ಸಾಧಿಸುವುದು ಕಾನೂನಿನಲ್ಲೂ ಕಷ್ಟ, ನ್ಯಾಯವೂ ಅಲ್ಲ. ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ; ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಅದನ್ನು ನೋಂದಾಯಿಸಿದೆ. ಆದರೆ ಆ ಮಾನ್ಯತೆ ಕಾಯುವುದು ಕಸೂತಿ ಎಂಬ ಹೆಸರನ್ನು. ಯಂತ್ರದ ಕೆಲಸವನ್ನು ಕಸೂತಿ ಎಂದು ಕರೆದು ಮಾರುವವರನ್ನು ಪ್ರಶ್ನಿಸಲು ಅದು ಆಧಾರವಾಗಬಲ್ಲದು, ನಿಮ್ಮ ಕುಪ್ಪಸದ ಅಂಚನ್ನು ನಿಮಗೆ ಮಾತ್ರ ಉಳಿಸಿಕೊಡುವುದಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಅವಕಾಶ ಆ ಕಾಯ್ದೆಯಲ್ಲಿದೆ; ಕುಶಲಕರ್ಮಿಯಾಗಿ ನೀವು ಅದನ್ನು ಬಳಸಿಕೊಳ್ಳಬೇಕು.

ನೀವೇ ರಚಿಸಿದ ಹೊಸ ವಿನ್ಯಾಸದ ಸಂಗತಿ ಬೇರೆ. ವಿನ್ಯಾಸ ಕಾಯ್ದೆ, 2000ರ ಅಡಿಯಲ್ಲಿ ಅದನ್ನು ನೋಂದಾಯಿಸಿದರೆ ಮೊದಲು 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಅದರ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟರೆ ಅದು ಹೊಸತಾಗಿ ಉಳಿಯುವುದಿಲ್ಲ, ನೋಂದಣಿಗೆ ಅರ್ಹತೆಯೂ ಹೋಗುತ್ತದೆ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡತಿಯೋ ಆಕೆಯ ಒಪ್ಪಿಗೆ ಪಡೆದವರೋ ಯಂತ್ರೋದ್ಯಮದ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ವಸ್ತುಗಳ ಮೇಲೆ ಮೂಡಿಸಿದರೆ ಕೃತಿಸ್ವಾಮ್ಯವೂ ನಿಲ್ಲುತ್ತದೆ ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಹೀಗಾಗಿ ನಿಜವಾಗಿಯೂ ನಿಮ್ಮದೇ ಎನಿಸಿದ ಒಂದೆರಡು ರಚನೆಗಳಿಗೆ ಮಾತ್ರ ಈ ಓಡಾಟ ಸಾರ್ಥಕ. ಉಳಿದುದಕ್ಕೆ ವಕೀಲರಿಗಿಂತ ಕ್ಯಾಮೆರಾ ಹೆಚ್ಚು ನೆರವಾಗುತ್ತದೆ.

ಹೇಗೆಂದರೆ, ಬಟ್ಟೆಯ ಬೆನ್ನನ್ನು ತೋರಿಸಿ. ನೀವು ಇದುವರೆಗೆ ಮುಖದ ಕಡೆಯ ಫೋಟೋವನ್ನೇ, ಅದೂ ಅಂಚನ್ನು ನೇರವಾಗಿ ಹಾಸಿ, ಒಂದೊಂದು ಎಳೆಯೂ ಎಣಿಸಿಕೊಳ್ಳುವಷ್ಟು ಸ್ಪಷ್ಟವಾಗಿ ತೆಗೆದು ಹಾಕಿರಬೇಕು. ಕಂಪ್ಯೂಟರ್ ಎಂಬ್ರಾಯ್ಡರಿಯವರಿಗೆ ಅದಕ್ಕಿಂತ ಅನುಕೂಲವಾದ ನಕ್ಷೆ ಇನ್ನೊಂದಿಲ್ಲ. ಯಂತ್ರಕ್ಕೆ ಮೇಲಿನ ದಾರ ಒಂದು, ಕೆಳಗಿನ ಬಾಬಿನ್ ದಾರ ಇನ್ನೊಂದು. ಅದರ ಬೆನ್ನು ಎಂದಿಗೂ ಮುಖದಂತೆ ಇರಲಾರದು, ಸಾಮಾನ್ಯವಾಗಿ ಅಲ್ಲಿ ಅಂಟಿಸಿದ ಹಾಳೆಯ ತುಣುಕುಗಳೂ ಉಳಿದಿರುತ್ತವೆ. ಗವಂತಿ ಮತ್ತು ಮುರಗಿಯಲ್ಲಿ ನಿಮ್ಮ ಬೆನ್ನೂ ಮುಖವೂ ಒಂದೇ. ಕುಪ್ಪಸದ ಅಂಚನ್ನು ಬೆರಳಿನಿಂದ ಮಗುಚಿ ಹಿಡಿದ, ಎರಡೂ ಬದಿ ಒಟ್ಟಿಗೆ ಕಾಣುವ ಒಂದು ಚಿತ್ರ ಹಾಕಿ, ಕೆಳಗೆ ಎರಡು ಸಾಲಿನಲ್ಲಿ ಇದು ಹೇಗಾಯಿತು ಎಂದು ಬರೆಯಿರಿ. ₹600ರ ಕುಪ್ಪಸ ಕೊಳ್ಳುವವರು ಆಗಲೂ ಅದನ್ನೇ ಕೊಳ್ಳುತ್ತಾರೆ, ಅವರು ನಿಮ್ಮ ಗಿರಾಕಿಗಳಾಗಿರಲಿಲ್ಲ. ₹4,100 ಕೊಡಬಲ್ಲವರಿಗೆ ಮಾತ್ರ ತಾವು ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂದು ಕಣ್ಣಾರೆ ಕಾಣುತ್ತದೆ. ದಾರವೊಂದು ಹೊರಟಲ್ಲಿಗೆ ಮರಳುವ ಒಂದು ನಿಮಿಷದ ವಿಡಿಯೋ ಇನ್ನೂ ಒಳ್ಳೆಯದು. ನಮೂನೆಯ ಬಟ್ಟೆಯನ್ನು ಮಾತ್ರ ಪೂರ್ತಿ ತೋರಿಸಬೇಡಿ. ಅಲ್ಲಿಯೂ ಮೆಚ್ಚುಗೆಗಾಗಿ ಸೂಜಿ ಆಡತೊಡಗಿದರೆ ನಿಮಗಾಗಿ ಉಳಿದ ಒಂದು ಜಾಗವೂ ಹೋದಂತೆ.

ಕಲಿಸುವುದೂ ಹಂಚಿಕೊಳ್ಳುವ ರೀತಿಯೇ, ಮತ್ತು ಅದರಿಂದ ಗೌರವದ ಆದಾಯವೂ ಬರುತ್ತದೆ. ಒಂದು ದಿನದ ತರಗತಿಯಲ್ಲಿ ಆರು ಮಂದಿಗೆ ಮ್ಯಾಟಿ ಬಟ್ಟೆಯ ಮೇಲೆ ಗವಂತಿ ಕಲಿಸಿದರೆ, ಅವರಲ್ಲಿ ಐವರು ಮುಂದೆ ಹಾಕಲಿಕ್ಕಿಲ್ಲ, ಆದರೆ ಅವರು ಇನ್ನೆಂದೂ ಕಸೂತಿಯ ಬೆಲೆಯನ್ನು ಚೌಕಾಶಿ ಮಾಡುವುದಿಲ್ಲ. ಮುಂದುವರಿಯುವ ಒಬ್ಬಾಕೆ ನಾಳೆ ನಿಮ್ಮ ಜೊತೆ ಕೆಲಸ ಮಾಡಬಹುದು. ಆಗ ಒಂದು ಎಚ್ಚರಿಕೆ ಬೇಕು. ನಮ್ಮ ಕಡೆ ಕಸೂತಿ ಸೊರಗಿದ್ದರಲ್ಲಿ ಯಂತ್ರಕ್ಕಿಂತ ಮಧ್ಯವರ್ತಿಗಳ ಪಾತ್ರ ದೊಡ್ಡದೆಂಬುದು ನನ್ನ ಅನುಭವ; ಮನೆಮನೆಗೆ ಬಟ್ಟೆ ಹಂಚಿ, ತುಂಡಿಗೆ ಇಷ್ಟು ಎಂದು ಅಲ್ಪ ಕೂಲಿ ಕೊಟ್ಟು, ಪಟ್ಟಣದಲ್ಲಿ ಹಲವು ಪಟ್ಟು ಬೆಲೆಗೆ ಮಾರಿದವರನ್ನು ನಾನು ಕಂಡಿದ್ದೇನೆ. ನೀವೂ ತಿಳಿಯದೆ ಅದೇ ಜಾಗದಲ್ಲಿ ಕುಳಿತುಕೊಳ್ಳಬಹುದು. ನಿಮಗೆ ಗಂಟೆಗೆ ₹80 ಎಂದಾದರೆ, ಕೈ ಪಳಗಿದ ಮೇಲೆ ಅವರಿಗೂ ಅಷ್ಟೇ ಕೊಡಿ, ಚೀಟಿಯ ಮೇಲೆ ಹಾಕಿದವರ ಹೆಸರು ಬರೆಯಿರಿ. ಸಾಗರದ ಬಳಿಯ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘ ನೇಯ್ಗೆ, ಬಣ್ಣ, ಹೊಲಿಗೆಗಳನ್ನು ತಾನು ಮಾಡಿ, ಮಾರಾಟದ ಹೊರೆಯನ್ನು ದೇಸಿ ಎಂಬ ಬೇರೆ ವ್ಯವಸ್ಥೆಗೆ ಬಿಟ್ಟಿತು. ಒಂಟಿಯಾಗಿ ದುಡಿಯುವ ನಿಮಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ವಾಟ್ಸ್‌ಆ್ಯಪ್ ಉತ್ತರಗಳನ್ನು ವಾರದಲ್ಲಿ ಎರಡು ದಿನ, ಸಂಜೆ ಮಾತ್ರ ಬರೆಯುತ್ತೇನೆ ಎಂದು ತಿಳಿಸಿಬಿಟ್ಟರೂ ಸಾಕಷ್ಟು ಆಗುತ್ತದೆ.

ಸರ್ಕಾರಿ ಕಾಗದಗಳ ಬಗ್ಗೆ ಚುಟುಕಾಗಿ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ನೀಡುವ ಪೆಹಚಾನ್ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಿ. ಮೇಳಗಳಲ್ಲಿ ಮಳಿಗೆ ಕೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ ಇದೆ, ಕಸೂತಿಯ ಹೆಸರಿಲ್ಲ. ಯಾರಾದರೂ ಅದನ್ನು ಮಾಡಿಸಿಕೊಡುತ್ತೇವೆ ಎಂದು ಹಣ ಕೇಳಿದರೆ ಕೊಡಬೇಡಿ. ನಿಮ್ಮ ವಹಿವಾಟು ವರ್ಷಕ್ಕೆ ₹90,000 ಆಗಿರುವುದರಿಂದ ಜಿಎಸ್‌ಟಿ ನೋಂದಣಿಯ ಮಿತಿ ಬಹಳ ದೂರವಿದೆ. ಹೊರರಾಜ್ಯಕ್ಕೆ ಕಳುಹಿಸುವ ಕರಕುಶಲ ವಸ್ತುಗಳಿಗೆ ಆ ನೋಂದಣಿಯಿಂದ ವಿನಾಯಿತಿ ಇದೆ, ಅದರ ಜೊತೆಗೆ ಪ್ಯಾನ್ ಮತ್ತು ಇ-ವೇ ಬಿಲ್ಲಿನ ಷರತ್ತುಗಳೂ ಇವೆ. ಹೊರರಾಜ್ಯದ ಆರ್ಡರುಗಳು ಹೆಚ್ಚಾಗುವ ಮೊದಲು ತೆರಿಗೆ ಸಲಹೆಗಾರರೊಬ್ಬರನ್ನು ಒಮ್ಮೆ ಕೇಳಿಕೊಳ್ಳಿ.

ಕೊನೆಗೆ ಅಜ್ಜಿಯ ಚಂದ್ರಕಾಳಿ. ಅದನ್ನು ಈ ವಾರವೇ ಪೆಟ್ಟಿಗೆಯಿಂದ ತೆಗೆಯಿರಿ, ಏಕೆಂದರೆ ಹಳೆಯ ರೇಷ್ಮೆ ಮೊದಲು ಸೀಳುವುದು ಮಡಿಕೆಗಳಲ್ಲಿಯೇ. ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಮಂಚದ ಮೇಲೆ ಹಾಸಿ ಗಾಳಿಯಾಡಲು ಬಿಡಿ. ಸೆರಗಿನ ಮೇಲಿನ ಚಿತ್ತಾರಗಳನ್ನು ಒಂದೊಂದಾಗಿ ಎಣಿಸಿ ಚೌಕುಳಿ ಹಾಳೆಯ ಮೇಲೆ ಗುರುತು ಮಾಡಿಕೊಳ್ಳಿ. ಬೆನ್ನಿನ ಕಡೆಯನ್ನೂ ನೋಡಿ, ಅಜ್ಜಿ ಎಲ್ಲಿ ದಾರ ಆರಂಭಿಸಿ ಗಂಟಿಲ್ಲದೆ ಎಲ್ಲಿ ಅಡಗಿಸಿದ್ದಾರೆ ಎಂಬುದು ಒಂದೆರಡು ಕಡೆಯಾದರೂ ಸಿಕ್ಕೀತು. ಆಮೇಲೆ ಹಳೆಯ ಗೆರೆಗಳ ಮೇಲೆ ಮತ್ತೆ ಮಡಚದೆ, ಬೇರೆ ಕಡೆ ಮಡಿಕೆ ಬರುವಂತೆ ಸಡಿಲವಾಗಿ ಮಡಚಿ, ತೊಳೆದು ಒಣಗಿಸಿದ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಹಾಳೆಯ ಮೇಲೆ ಇಳಿಸಿಕೊಂಡ ಮೊದಲ ಚಿತ್ತಾರವನ್ನು ಯಾವ ಗಿರಾಕಿಗೂ ತೋರಿಸುವ ಮೊದಲು ಮ್ಯಾಟಿ ಬಟ್ಟೆಯ ಮೇಲೆ ಹಾಕಿ ನೋಡಿ. ದಾರಿ ಎಲ್ಲಿಯಾದರೂ ತಪ್ಪಿ ಹೊರಟಲ್ಲಿಗೆ ಮರಳಲು ಆಗದಿದ್ದರೆ, ಆ ನಕ್ಷೆಯನ್ನು ನನಗೆ ಕಳುಹಿಸಿ, ಕೂಡಿ ನೋಡೋಣ.